ಇಬ್ರೇ ಹೋಗಿ ಇರೋಕೆ ಹೊಲದ ಮನೆ: ಜನವರಿಲಿ ಎಲ್ಲಿ?

ಪ್ರಶ್ನೆ: ನಾವು ವಿಜಯಪುರದ ಕಡೆಯವ್ರು, ಈಗ ಡೊಂಬಿವ್ಲಿಯೊಳಗ ಇರ್ತೇವಿ, ಇಬ್ರೂ ಲೋಕಲ್ ಹಿಡದು ಆಫೀಸಿಗೆ ಹೋಗೋರು. ಜನವರಿಗೆ ನಮ್ಮ ಮದ್ವಿ ಆಗಿ ಐದು ವರ್ಷ ಆಗ್ತದ. ಸ್ವಿಮ್ಮಿಂಗ್ ಪೂಲ್ ಇರೋ ರೆಸಾರ್ಟ್ ಬ್ಯಾಡ, ಖರೇನ ಬೇಸಾಯ ನಡದಿರೋ ಹೊಲದಾಗ ಸಣ್ಣ ಕಾಟೇಜ್ ಸಿಕ್ರ ಎರಡು ದಿನ ಇದ್ದು ಬರೋಣು ಅಂತ. ಕಾರ್ ಇಲ್ಲ. ಎಲ್ಲಿ ಹೋಗ್ಬೇಕ್ರೀ, ಬುಕ್ ಮಾಡೋ ಮುಂಚೆ ಏನ್ ಕೇಳ್ಬೇಕು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಪುಣೆ ಜಿಲ್ಲೆಯ ಜುನ್ನರ್ ತಾಲೂಕಿಗೆ ಹೋಗಿ. ಕಲ್ಯಾಣದಿಂದ ಮಾಳ್ಶೇಜ್ ಘಾಟ್ ಮೇಲೆ ಆಳೆಫಾಟಾ ಕಡೆ ಎಸ್‌ಟಿ (ಸರ್ಕಾರಿ) ಬಸ್ ಇದೆ, ಹಾಗಾಗಿ ಕಾರಿಲ್ಲ ಅಂತ ಚಿಂತೆ ಬೇಡ, ಇಳಿಯೋ ಸ್ಟಾಪಿಗೆ ತೋಟದವರು ಬಂದು ಕರ್ಕೊಂಡು ಹೋಗ್ತಾರಾ ಅಂತ ಮೊದ್ಲೇ ಕೇಳಿಟ್ಕೊಳ್ಳಿ. 2020ರಲ್ಲಿ ಮಹಾರಾಷ್ಟ್ರದ ಕೃಷಿ ಪ್ರವಾಸೋದ್ಯಮ ನೀತಿ ಬಂದ್ಮೇಲೆ ಇಂಥ ತೋಟಗಳು ಪ್ರವಾಸೋದ್ಯಮ ಇಲಾಖೆಲಿ ನೋಂದಣಿ ಮಾಡಿಸ್ಬಹುದು, ಆ ಸರ್ಟಿಫಿಕೇಟ್ ಇದ್ಯಾ ಅಂತ ಕೇಳೋಕೆ ಸಂಕೋಚ ಪಡ್ಬೇಡಿ.

ಆದ್ರೆ ಫೋನ್ ಮಾಡಿದಾಗ ರೇಟಿಗಿಂತ ಮುಂಚೆ ಕೇಳ್ಬೇಕಾದ್ದು ಒಂದೇ, "ಈಗ ಹೊಲದಲ್ಲಿ ಏನಿದೆ?" ಬೇಸಾಯ ಮಾಡೋರಾದ್ರೆ ಈರುಳ್ಳಿ ಇಷ್ಟು ಬಂದಿದೆ, ದ್ರಾಕ್ಷಿ ಇನ್ನೂ ಹುಳಿ ಇದೆ ಅಂತ ತಕ್ಷಣ ಶುರು ಮಾಡ್ತಾರೆ. ರೇನ್ ಡ್ಯಾನ್ಸ್, ಡಿಜೆ ಅಂತ ಶುರು ಮಾಡಿದ್ರೆ ಅದು ನಿಮಗಲ್ಲ, ಬಿಟ್ಬಿಡಿ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೋದು) ಆದ ದ್ರಾಕ್ಷಿ ಜನವರಿ ಹೊತ್ತಿಗೆ ಹಣ್ಣಾಗೋಕೆ ಶುರು ಆಗತ್ತೆ, ವಿಜಯಪುರದವರಿಗೆ ಇದನ್ನ ನಾನು ಹೇಳ್ಬೇಕಾಗಿಲ್ಲ, ಆದ್ರೂ ಗೊನೆ ಕೈಗೆ ಸಿಗತ್ತೆ ಅಂತ ಕಿತ್ತು ಬಾಯಿಗೆ ಹಾಕ್ಬೇಡಿ, ಔಷಧಿ ಹೊಡೆದು ಎಷ್ಟು ದಿನ ಆಯ್ತು ಅಂತ ಕೇಳಿ, ಅವರು ತೋರಿಸಿದ ಸಾಲಿಂದ ಮಾತ್ರ ತಿನ್ನಿ. ಅದು ಅವರ ವರ್ಷದ ದುಡಿಮೆ.

ಜನವರಿ ಅಂದ್ರೆ ಹುರ್ಡಾ ಕಾಲ, ನಿಮ್ಮೂರಿನ ಸೀತನಿನೇ, ಎಳೆ ಜೋಳದ ತೆನೆನ ಕುಳ್ಳಿನ ಕೆಂಡದಲ್ಲಿ ಸುಟ್ಟು ಉಜ್ಜಿ ಬೆಳ್ಳುಳ್ಳಿ ಚಟ್ನಿ, ಬೆಲ್ಲ, ಮೊಸರಿನ ಜೊತೆ ಕೊಡ್ತಾರೆ. ಇಷ್ಟು ವರ್ಷ ಮುಂಬೈಲಿ ಇದ್ದವರಿಗೆ ಅದಕ್ಕಿಂತ ಒಳ್ಳೇ ಆನಿವರ್ಸರಿ ಊಟ ಇನ್ನೊಂದಿಲ್ಲ ಅಂತ ನನಗನ್ಸತ್ತೆ. ಆದ್ರೆ ಇದಕ್ಕೇ ಅಂತ ಶನಿವಾರ ಭಾನುವಾರ ಪುಣೆ ಮುಂಬೈಯಿಂದ ದೊಡ್ಡ ದೊಡ್ಡ ಗುಂಪು ಬರತ್ತೆ, ಇಬ್ರೇ ನೆಮ್ಮದಿಯಾಗಿ ಇರ್ಬೇಕು ಅಂದ್ರೆ ರಜೆ ಹಾಕಿ ಮಂಗಳವಾರ ಬುಧವಾರ ಹೋಗಿ.

ಇದೊಂದು ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಕುಕಡಿ ನೀರಾವರಿ ಯೋಜನೆಯ ನೀರು ಬಂದ್ಮೇಲೆ ಇಲ್ಲಿ ಕಬ್ಬು ಜಾಸ್ತಿ, ಕಬ್ಬಿನೊಳಗೇ ಚಿರತೆಗಳು ಮರಿ ಹಾಕಿ ಬೆಳಸ್ತಾವೆ, ಜನರ ಮೇಲೆ ದಾಳಿನೂ ಆಗಿವೆ. ಕತ್ತಲಾದ್ಮೇಲೆ ನಕ್ಷತ್ರ ನೋಡೋಣ ಅಂತ ಇಬ್ರೇ ಬದುವಿನ ಮೇಲೆ ನಡ್ಕೊಂಡು ಹೋಗ್ಬೇಡಿ, ಅಂಗಳದಲ್ಲೇ ಲೈಟ್ ಹತ್ರ ಕೂತ್ಕೊಳ್ಳಿ, ಕಾಟೇಜ್ ಮನೆಯವರ ಕೂಗಿಗೆ ಕೇಳಿಸೋಷ್ಟು ಹತ್ರ ಇರ್ಲಿ. ಪಂಪಿಗೆ ಕರೆಂಟ್ ಪಾಳಿ ರಾತ್ರಿ ಬಂದಾಗ ಆ ರೈತರು ಇದೇ ಭಯದಲ್ಲಿ ನೀರು ಕಟ್ಟೋಕೆ ಹೋಗ್ತಾರೆ, ಹಾಗಾಗಿ ಬೆಳಿಗ್ಗೆ ಚಹಾ ತಡ ಆದ್ರೆ ಮುಖ ಗಂಟಿಕ್ಕಬೇಡಿ.

ಶಿವನೇರಿ ಕೋಟೆ ಹತ್ತೋದಾದ್ರೆ ಬೆಳಿಗ್ಗೆನೇ ಹತ್ತಿ. ಸ್ವೆಟರ್ ಇರ್ಲಿ. ಮತ್ತೆ ಊಟಕ್ಕೆ ಮಾಸವಡಿ ಬೇಕು ಅಂತ ಹಿಂದಿನ ದಿನವೇ ಹೇಳಿಡಿ, ಕಡ್ಲೆಹಿಟ್ಟು ಬೇಯಿಸಿ ಎಳ್ಳು ಕೊಬ್ಬರಿ ಹೂರಣ ಇಟ್ಟು ಸುತ್ತೋದು ಸುಮಾರು ಕೆಲ್ಸ, ಬಂದು ಕೂತ್ಮೇಲೆ ಕೇಳಿದ್ರೆ ಆಗಲ್ಲ.