ಬಾಡಿಗೆ ಮಳಿಗೆಯ ಕಂಪನಿ: ಸಾಲವೆಷ್ಟು, ಗೇಣಿಯೆಷ್ಟು?

ಪ್ರಶ್ನೆ: ಬಟ್ಟೆ ಮಳಿಗೆಗಳ ಸರಣಿ ನಡೆಸುವ ಕಂಪನಿಯೊಂದರ ಷೇರು ಕೊಂಡಿದ್ದೇನೆ. ತಮಗೆ ಸಾಲ ಬಹಳ ಕಡಿಮೆ ಎನ್ನುತ್ತಾರೆ. ವಾರ್ಷಿಕ ವರದಿಯಲ್ಲಿ ಬ್ಯಾಂಕ್ ಸಾಲ 180 ಕೋಟಿ, ಅದರ ಕೆಳಗೆ ‘ಲೀಸ್ ಲಯಬಿಲಿಟಿ’ ಎಂದು 620 ಕೋಟಿ ಇದೆ. ಕೈಯಲ್ಲಿರುವ ನಗದು 40 ಕೋಟಿ. ಬಡ್ಡಿ, ಸವಕಳಿ, ತೆರಿಗೆಗೆ ಮೊದಲಿನ ಲಾಭ 260 ಕೋಟಿ. ಆ 620 ಕೋಟಿಯನ್ನು ಸಾಲಕ್ಕೆ ಸೇರಿಸಬೇಕೋ, ಬಿಡಬೇಕೋ?
— ಓದುಗರು, ಶಿರಸಿ

ಉತ್ತರ: ಸೇರಿಸಬೇಕು. ಆದರೆ ಅದು ಬ್ಯಾಂಕಿನಿಂದ ತಂದ ದುಡ್ಡಲ್ಲ, ಲೆಕ್ಕ ಹಾಕಿ ಬಂದ ಮೊತ್ತ. ಆ ಲೆಕ್ಕ ಹೇಗೆ ಹುಟ್ಟಿತೆಂದು ಮೊದಲು ನೋಡಿ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ, ಲೀಸ್ ಅವಧಿಯಲ್ಲಿ ಕಟ್ಟಬೇಕಾದ ನಿಗದಿತ ಬಾಡಿಗೆಯನ್ನೆಲ್ಲ ಒಂದು ಬಡ್ಡಿ ದರದಲ್ಲಿ ಇಂದಿನ ಬೆಲೆಗೆ ಇಳಿಸಿ ಹೊಣೆಯ ಕಡೆ ಬರೆಯಬೇಕು. ಹೆಚ್ಚುಕಡಿಮೆ ಅಷ್ಟೇ ಮೊತ್ತ ‘ಬಳಕೆಯ ಹಕ್ಕು’ ಎಂದು ಆಸ್ತಿಯ ಕಡೆಗೂ ಬರುತ್ತದೆ. ಅದಕ್ಕೆ ಮೊದಲು ಮಳಿಗೆ ಬಾಡಿಗೆ ಆಯಾ ವರ್ಷದ ಖರ್ಚಾಗಿ ಮುಗಿದುಹೋಗುತ್ತಿತ್ತು.

ಈ ಅವಧಿ ಎಂಬುದರಲ್ಲೇ ಎಲ್ಲ ಇದೆ. ಮೂಲಗೇಣಿ, ಚಾಲಗೇಣಿ ಎರಡನ್ನೂ ಕಂಡ ಜಿಲ್ಲೆ ನಮ್ಮದು. ಒಂದು ಕಾಯಂ, ಇನ್ನೊಂದು ಬಿಡಿಸಬಹುದಾದದ್ದು. ಪ್ರತಿ ಮಳಿಗೆಯ ಕರಾರಿನಲ್ಲಿ ಬಿಡಿಸಲಾಗದ ಭಾಗ ಎಷ್ಟು ವರ್ಷ ಎಂಬುದೇ ಮಾನದಂಡದ ಪ್ರಶ್ನೆ. ತಿಂಗಳಿಗೆ 5 ಲಕ್ಷ, ಅಂದರೆ ವರ್ಷಕ್ಕೆ 60 ಲಕ್ಷ ಬಾಡಿಗೆಯ ಒಂದು ಮಳಿಗೆ ಇದೆಯೆನ್ನಿ. ಕರಾರು 9 ವರ್ಷಕ್ಕೆ, ಆದರೆ ಮೊದಲ 3 ವರ್ಷ ಮಾತ್ರ ಲಾಕ್-ಇನ್. ಆಮೇಲೆ ಕಂಪನಿ ನೋಟಿಸು ಕೊಟ್ಟು ಹೊರಡಬಹುದು. ಶೇ 9ರ ದರದಲ್ಲಿ, ಬಾಡಿಗೆ ಏರಿಕೆಯನ್ನು ಬದಿಗಿಟ್ಟು, 9 ವರ್ಷಕ್ಕೆ ಲೆಕ್ಕ ಹಾಕಿದರೆ ಹೊಣೆ ಸುಮಾರು 3.60 ಕೋಟಿ. ಲಾಕ್-ಇನ್‌ಗೆ ಮಾತ್ರ ಹಾಕಿದರೆ 1.52 ಕೋಟಿ. ಕಟ್ಟಡ ಅದೇ, ಬಾಡಿಗೆ ಅದೇ. ಯಾವುದನ್ನು ಹಿಡಿಯಬೇಕೆಂಬುದು ಆ ಮಳಿಗೆಯಲ್ಲಿ ಮುಂದುವರಿಯುವುದು ‘ಬಹುಮಟ್ಟಿಗೆ ಖಚಿತ’ವೇ ಎಂಬ ಆಡಳಿತ ಮಂಡಳಿಯ ತೀರ್ಮಾನದ ಮೇಲೆ ನಿಂತಿದೆ. ಹಾಗಾಗಿ ಎರಡು ಕಂಪನಿಗಳ ಲೀಸ್ ಹೊಣೆಯನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಮುನ್ನ, ಲೆಕ್ಕಪತ್ರ ನೀತಿಯ ಟಿಪ್ಪಣಿಯಲ್ಲಿ ಅವಧಿ ಮತ್ತು ಬಡ್ಡಿ ದರದ ಬಗ್ಗೆ ಏನು ಬರೆದಿದ್ದಾರೆ ಓದಿ. ಮಾರಾಟದ ಶೇಕಡಾವಾರು ಕೊಡುವ ಬಾಡಿಗೆ, 12 ತಿಂಗಳೊಳಗಿನ ಅಲ್ಪಾವಧಿ ಬಾಡಿಗೆ ಈ ಹೊಣೆಯಲ್ಲಿ ಸೇರುವುದೇ ಇಲ್ಲ. ಅವು ಖರ್ಚಿನ ಟಿಪ್ಪಣಿಯಲ್ಲಿ ಬೇರೆಯಾಗಿ ಸಿಗುತ್ತವೆ.

ಈಗ ನಿಮ್ಮ ಅಂಕಿಗಳು. ನಗದು ಹರಿವಿನ ಪಟ್ಟಿಯಲ್ಲಿ ‘ಲೀಸ್ ಹೊಣೆಯ ಅಸಲು ಪಾವತಿ’ ಮತ್ತು ‘ಲೀಸ್ ಹೊಣೆಯ ಬಡ್ಡಿ’ ಎಂಬ ಎರಡು ಸಾಲುಗಳಿರುತ್ತವೆ. ಅವೆರಡನ್ನೂ ಕೂಡಿದರೆ ನಿಜವಾಗಿ ಕೊಟ್ಟ ಬಾಡಿಗೆ ಬರುತ್ತದೆ. ಅದು 140 ಕೋಟಿ ಎಂದಿಟ್ಟುಕೊಳ್ಳೋಣ. ಈ ಮಾನದಂಡದಲ್ಲಿ ಬಾಡಿಗೆ ಸವಕಳಿ ಮತ್ತು ಬಡ್ಡಿಯ ರೂಪದಲ್ಲಿ ಬರುವುದರಿಂದ, ಅವೆರಡಕ್ಕೂ ಮೊದಲಿನ 260ರಲ್ಲಿ ಅದನ್ನು ಕಳೆದಿರುವುದಿಲ್ಲ. ಆಗ ಬಾಡಿಗೆ ಕಳೆದ ನಿಜವಾದ ಲಾಭ 260 ಅಲ್ಲ, 120 ಕೋಟಿ. ಇಲ್ಲಿಂದ ಎರಡು ದಾರಿ, ಎರಡೂ ಸರಿ. ಲೀಸನ್ನು ಎರಡೂ ಕಡೆಯಿಂದ ತೆಗೆದರೆ ನಿವ್ವಳ ಸಾಲ (180ರಲ್ಲಿ ನಗದು 40 ಕಳೆದು) 140, ಲಾಭ 120: ಸಾಲಕ್ಕೂ ಲಾಭಕ್ಕೂ ಅನುಪಾತ ಸುಮಾರು 1.2. ಎರಡೂ ಕಡೆ ಸೇರಿಸಿದರೆ ಸಾಲ 760, ಲಾಭ 260: ಅನುಪಾತ 2.9. ತಪ್ಪು ದಾರಿ ಮೂರನೆಯದು. ಸಾಲದಲ್ಲಿ ಲೀಸ್ ಬಿಟ್ಟು, ಲಾಭದಲ್ಲಿ ಬಾಡಿಗೆ ಕಳೆಯದೆ, 140ನ್ನು 260ರಿಂದ ಭಾಗಿಸಿ 0.5 ಎಂದು ತೋರಿಸುವುದು. ಹೂಡಿಕೆದಾರರಿಗೆ ಕೊಡುವ ಪ್ರೆಸೆಂಟೇಶನ್‌ಗಳಲ್ಲಿ ಈ ಅನುಪಾತ ಕಂಡರೆ ಕೂಡಲೇ ಟಿಪ್ಪಣಿ ಪುಟಕ್ಕೆ ಹೋಗಿ.

ಅನುಪಾತಕ್ಕಿಂತಲೂ ನಾವು ಹೆಚ್ಚು ನಂಬುವುದು ಇನ್ನೊಂದನ್ನು: ಮಾರಾಟ ಆಗಲಿ ಬಿಡಲಿ, ವರ್ಷದಲ್ಲಿ ಕೊಡಲೇಬೇಕಾದದ್ದು ಎಷ್ಟು? ಬಾಡಿಗೆ 140, ಬ್ಯಾಂಕ್ ಬಡ್ಡಿ 18, ಈ ವರ್ಷ ತೀರಿಸಬೇಕಾದ ಅಸಲು 35 ಎಂದಾದರೆ ಒಟ್ಟು 193 ಕೋಟಿ. 260ನ್ನು 193ರಿಂದ ಭಾಗಿಸಿದರೆ 1.35. ಕಂಪನಿಯ ಮಾರಾಟ 2,000 ಕೋಟಿ, ಅದರಲ್ಲಿ ಸರಕಿನ ಬೆಲೆ ಕಳೆದು ಉಳಿಯುವುದು ಶೇ 30 ಎಂದುಕೊಳ್ಳಿ. ಮಾರಾಟ ಶೇ 10 ಕುಸಿದು ಉಳಿದ ಖರ್ಚು ಹಾಗೆಯೇ ನಿಂತರೆ 60 ಕೋಟಿ ಹೋಯಿತು; 200 ಉಳಿಯುತ್ತದೆ, ಅಂದರೆ 1.04. ತೆರಿಗೆಗೂ ಹಳೆಯ ಮಳಿಗೆಗಳ ದುರಸ್ತಿಗೂ ಹೆಚ್ಚೇನೂ ಉಳಿಯಲಿಲ್ಲ. ‘ಸಾಲ ಕಡಿಮೆ’ ಎಂಬ ಮಾತು ಸುಳ್ಳಲ್ಲ, ಆದರೆ ಕಂಪನಿಯ ಕೊರಳಿಗೆ ಬಿದ್ದಿರುವುದು ಬ್ಯಾಂಕಲ್ಲ, ಬಾಡಿಗೆ.

ಆ 35 ಕೋಟಿ ಎಲ್ಲಿ ಸಿಗುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಬಹಳ ಜನ ತಪ್ಪುವುದು ಇಲ್ಲೇ. 2021ರ ಏಪ್ರಿಲ್‌ನಿಂದ, ದೀರ್ಘಾವಧಿ ಸಾಲದಲ್ಲಿ 12 ತಿಂಗಳೊಳಗೆ ತೀರಿಸಬೇಕಾದ ಕಂತನ್ನು ‘ಅಲ್ಪಾವಧಿ ಸಾಲ’ದ ಸಾಲಿನಲ್ಲೇ ತೋರಿಸುತ್ತಾರೆ. ಸರಕಿನ ಮೇಲೆ ತೆಗೆದ ಕ್ಯಾಶ್ ಕ್ರೆಡಿಟ್ಟೂ ಅದರಲ್ಲೇ ಇರುತ್ತದೆ. ಟಿಪ್ಪಣಿ ತೆರೆದು ಎರಡನ್ನೂ ಬೇರ್ಪಡಿಸಿ. ಕ್ಯಾಶ್ ಕ್ರೆಡಿಟ್ ವರ್ಷವರ್ಷ ನವೀಕರಣವಾಗುತ್ತ ಹೋಗುತ್ತದೆ. ಕಂತನ್ನು ನಗದಿನಲ್ಲೇ ಕಟ್ಟಬೇಕು. ಅಲ್ಪಾವಧಿ ಹಣವನ್ನು ಹೊಸ ಮಳಿಗೆಯಂಥ ದೀರ್ಘಾವಧಿ ಕೆಲಸಕ್ಕೆ ಬಳಸಿದ್ದಾರೆಯೇ ಎಂಬುದಕ್ಕೆ ಲೆಕ್ಕಪರಿಶೋಧಕರ ವರದಿಯ ಅನುಬಂಧದಲ್ಲೇ ಉತ್ತರ ಇರುತ್ತದೆ. ಲೆಕ್ಕಪರಿಶೋಧಕರು ಏನೇನು ವರದಿ ಮಾಡಬೇಕೆಂದು ಹೇಳುವ ‘ಕಾರೋ 2020’ ಎಂಬ ಸರ್ಕಾರಿ ಆದೇಶದ 9ನೇ ಕಲಮಿನ ಕೆಳಗೆ ನೋಡಿ. ‘ಹೌದು’ ಎಂದಿದ್ದರೆ ಎಚ್ಚರಗೊಳ್ಳಿ.

ಪ್ರಶ್ನೆ: ಹೊಸ ಮಳಿಗೆಗಳನ್ನು ತೆರೆದ ಕಂಪನಿಯೊಂದರ ಲಾಭ ಇಳಿದಿದೆ, ಆದರೆ ‘ವ್ಯವಹಾರದಿಂದ ಬಂದ ನಗದು’ ಏರಿದೆ. ಇದು ಹೇಗೆ?
— ಓದುಗರು, ಕಾರವಾರ

ಉತ್ತರ: ಎರಡಕ್ಕೂ ಕಾರಣ ಒಂದೇ ಆಗಿರಬಹುದು. ಮೇಲಿನ ಮಳಿಗೆಯನ್ನೇ ನೋಡಿ: 60 ಲಕ್ಷ ಬಾಡಿಗೆಯ ಬದಲು ಮೊದಲ ವರ್ಷ ಸವಕಳಿ 40 ಲಕ್ಷ, ಬಡ್ಡಿ 32.4 ಲಕ್ಷ, ಒಟ್ಟು 72 ಲಕ್ಷಕ್ಕೂ ಮೇಲೆ ಖರ್ಚು ಬೀಳುತ್ತದೆ. ಒಂಬತ್ತನೇ ವರ್ಷ ಅದು 45 ಲಕ್ಷಕ್ಕೆ ಇಳಿಯುತ್ತದೆ. ಹೊಸ ಮಳಿಗೆ ಹೆಚ್ಚಿದಷ್ಟೂ ಮೊದಮೊದಲು ಲಾಭ ಕುಗ್ಗುವುದು ಹೀಗೆ. ಆ 60 ಲಕ್ಷ ಕೈಬಿಟ್ಟು ಹೋಗಿದ್ದು ನಗದು ಹರಿವಿನ ಪಟ್ಟಿಯಲ್ಲಿ ‘ಹಣಕಾಸು ಚಟುವಟಿಕೆ’ಯ ಕೆಳಗೆ ಕೂರುತ್ತದೆ, ಹಾಗಾಗಿ ವ್ಯವಹಾರದ ನಗದು ದಪ್ಪಗೆ ಕಾಣುತ್ತದೆ. ಅದರಿಂದ ಲೀಸ್‌ನ ಅಸಲು-ಬಡ್ಡಿ ಎರಡನ್ನೂ ಕಳೆದು, ಮೂರು ವರ್ಷದ ಅಂಕಿ ಒಂದರ ಕೆಳಗೊಂದು ಬರೆದುಕೊಳ್ಳಿ.

ಪ್ರಶ್ನೆ: ಹೆದ್ದಾರಿ ಪಕ್ಕದ ನಮ್ಮ ಜಾಗದಲ್ಲಿ 8,000 ಚದರಡಿಯ ಕಟ್ಟಡ ಕಟ್ಟಿಕೊಟ್ಟರೆ 9 ವರ್ಷ ಬಾಡಿಗೆಗೆ ಹಿಡಿಯುತ್ತೇವೆ ಎಂದು ಒಂದು ಸೂಪರ್‌ಮಾರ್ಕೆಟ್ ಕಂಪನಿಯವರು ಬಂದಿದ್ದಾರೆ. ಬಾಡಿಗೆ ತಿಂಗಳಿಗೆ 2.40 ಲಕ್ಷ, ಲಾಕ್-ಇನ್ 3 ವರ್ಷ. ಒಂದೂವರೆ ಕೋಟಿ ಬ್ಯಾಂಕ್ ಸಾಲ ಮಾಡಬೇಕಾಗುತ್ತದೆ. ಕಂಪನಿ ಗಟ್ಟಿಯೋ ಎಂದು ಹೇಗೆ ತಿಳಿಯುವುದು? ಗೇಣಿ ಕೊಟ್ಟು ಜಾಗ ಕಳಕೊಂಡ ಮನೆತನ ನಮ್ಮದು, ಆ ಹೆದರಿಕೆಯೂ ಇದೆ.
— ಓದುಗರು, ಕುಮಟಾ

ಉತ್ತರ: ಕೊನೆಯದರಿಂದ ಶುರು ಮಾಡೋಣ. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಲ್ಲಿ ಗೇಣಿದಾರರಿಗೆ ಹಕ್ಕು ಬಂದದ್ದು ಕೃಷಿ ಜಮೀನಿನ ಮೇಲೆ. ಭೂ ಪರಿವರ್ತನೆಯಾದ ಜಾಗದ ವಾಣಿಜ್ಯ ಕಟ್ಟಡಕ್ಕೆ ಆ ಭಯ ಬೇಡ.

ಮೊದಲು ಕರಾರಿಗೆ ಸಹಿ ಹಾಕುವವರು ಯಾರು ನೋಡಿ. ಬೋರ್ಡಿನಲ್ಲಿ ದೊಡ್ಡ ಹೆಸರಿದ್ದು, ಪತ್ರದಲ್ಲಿ ಅದರ ಅಂಗಸಂಸ್ಥೆಯೋ ಫ್ರಾಂಚೈಸಿ ತಗೊಂಡ ಸ್ಥಳೀಯರೋ ಇರಬಹುದು. ಪತ್ರದಲ್ಲಿರುವ ಹೆಸರನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹುಡುಕಿ. ಯಾವ ಬ್ಯಾಂಕಿಗೆ ಏನನ್ನು ಅಡವಿಟ್ಟಿದ್ದಾರೆ ಎಂಬ ಪಟ್ಟಿ ಅಲ್ಲಿದೆ. ಅಲ್ಪ ಶುಲ್ಕಕ್ಕೆ ಲೆಕ್ಕಪತ್ರವೂ ಸಿಗುತ್ತದೆ. ಕ್ರಿಸಿಲ್, ಇಕ್ರಾ, ಕೇರ್ ಮುಂತಾದ ರೇಟಿಂಗ್ ಸಂಸ್ಥೆಗಳು ರೇಟಿಂಗ್ ಕೊಟ್ಟ ಕಾರಣಗಳನ್ನೂ ಪ್ರಕಟಿಸುತ್ತವೆ, ಓದಲು ದುಡ್ಡು ಬೇಡ.

ಇಲ್ಲಿ ಒಂದು ಸಿಕ್ಕು ಇದೆ. ಷೇರುಪೇಟೆಯಲ್ಲಿಲ್ಲದ, 250 ಕೋಟಿಗಿಂತ ಕಡಿಮೆ ನಿವ್ವಳ ಮೌಲ್ಯದ ಕಂಪನಿ ಸಾಮಾನ್ಯವಾಗಿ ಎಎಸ್ 19 ಎಂಬ ಹಳೆಯ ಮಾನದಂಡದ ಪ್ರಕಾರವೇ ಲೆಕ್ಕ ಬರೆಯುತ್ತದೆ. ಅದರಲ್ಲಿ ಮಳಿಗೆ ಬಾಡಿಗೆ ಹೊಣೆಯಾಗಿ ಕಾಣುವುದಿಲ್ಲ. ‘ಸಾಲವೇ ಇಲ್ಲ’ ಎಂದು ಹಿಗ್ಗಬೇಡಿ. ‘ಇತರ ಖರ್ಚು’ಗಳಲ್ಲಿ ಬಾಡಿಗೆ ಎಷ್ಟು, ಬಾಡಿಗೆ ಕೊಡುವ ಮುಂಚಿನ ಲಾಭ ಎಷ್ಟು ನೋಡಿ, ಬಾಡಿಗೆಯ ಒಂದೂವರೆ ಪಟ್ಟಾದರೂ ಲಾಭ ಇಲ್ಲದಿದ್ದರೆ ನಾವಂತೂ ಒಪ್ಪುವುದಿಲ್ಲ.

ಇನ್ನು ನಿಮ್ಮದೇ ಲೆಕ್ಕ. ನಿಜವಾದ ಅಪಾಯ ಕಂಪನಿಗಿಂತ ಇಲ್ಲೇ ಹೆಚ್ಚು. ಒಂದೂವರೆ ಕೋಟಿ, ಶೇ 10 ಬಡ್ಡಿ, 10 ವರ್ಷ ಎಂದರೆ ತಿಂಗಳ ಕಂತು ಸುಮಾರು 1.98 ಲಕ್ಷ. ಮೂರು ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲು 1.19 ಕೋಟಿ ಉಳಿದಿರುತ್ತದೆ, ಅವರ ಲಾಕ್-ಇನ್ ಮಾತ್ರ ಅಂದಿಗೆ ಮುಗಿದಿರುತ್ತದೆ. ನಿಮ್ಮದು ಮೂಲಗೇಣಿ, ಅವರದು ಚಾಲಗೇಣಿ! ಕುಮಟೆಯಲ್ಲಿ ಎಂಟು ಸಾವಿರ ಚದರಡಿಯ ಒಂದೇ ಹಾಲ್ ಹಿಡಿಯುವ ಇನ್ನೊಂದು ಗಿರಾಕಿ ಬೇಗ ಸಿಗಲಾರದು. ಆದ್ದರಿಂದ ಲಾಕ್-ಇನ್ 5 ವರ್ಷವಾದರೂ ಕೇಳಿ. ಒಪ್ಪದಿದ್ದರೆ, ಬೇಗ ಬಿಟ್ಟು ಹೋದಲ್ಲಿ ಕಟ್ಟಡದ ಖರ್ಚಿನ ಇಂತಿಷ್ಟು ಪಾಲು ತುಂಬಿಕೊಡಬೇಕೆಂಬ ಕಲಮು ಹಾಕಿಸಿ. ಡೆಪಾಸಿಟ್ 6ರಿಂದ 10 ತಿಂಗಳದ್ದಿರಲಿ. ಬಾಡಿಗೆ ‘ಮಾರಾಟದಲ್ಲಿ ಪಾಲು’ ಎಂದಾದರೆ ಕನಿಷ್ಠ ಮೊತ್ತ ನಿಗದಿಯಾಗಲೇಬೇಕು. ಮಳೆಗಾಲದ ನಾಲ್ಕು ತಿಂಗಳು ಕರಾವಳಿಯ ವ್ಯಾಪಾರ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಒಂದು ವರ್ಷಕ್ಕೆ ಮೀರಿದ ಲೀಸ್ ಪತ್ರ ನೋಂದಣಿಯಾಗಲೇಬೇಕು. ನೋಂದಣಿ ಖರ್ಚು ಉಳಿಸಲು ಹನ್ನೊಂದು ತಿಂಗಳ ಪತ್ರ ಮಾಡೋಣ ಎಂದರೆ ಲಾಕ್-ಇನ್ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಕಂಬಗಳನ್ನೂ ಕರೆಂಟ್ ಲೈನನ್ನೂ ಮುಂದೆ ಆರು ಅಂಗಡಿಯಾಗಿ ಒಡೆಯಲು ಬರುವಂತೆ ಎಂಜಿನಿಯರ್ ಹತ್ತಿರ ಈಗಲೇ ಹಾಕಿಸಿಕೊಳ್ಳಿ.

ದೊಡ್ಡ ಹೆಸರು ಎಂಬ ಧೈರ್ಯ ಸಾಲದು. ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರಿಟೇಲ್ ಬಾಡಿಗೆ ಕಟ್ಟಲಾಗದೆ ನಿಂತಾಗ ಹಲವು ಮಳಿಗೆಗಳ ಲೀಸ್ ರಿಲಯನ್ಸ್ ಪಾಲಾಯಿತು. 2022ರ ಫೆಬ್ರುವರಿಯಲ್ಲಿ ಆ ಮಳಿಗೆಗಳೇ ಕೈತಪ್ಪತೊಡಗಿದವು, ಅದೇ ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಲೀಸ್ ಹೋದರೆ ವ್ಯಾಪಾರ ನಡೆಸಲು ಜಾಗವೇ ಇರುವುದಿಲ್ಲ. ಅದಕ್ಕೇ ಮೊದಲ ಉತ್ತರದಲ್ಲಿ ಬಾಡಿಗೆಯನ್ನು ಸಾಲದ ಪಕ್ಕದಲ್ಲೇ ಕೂರಿಸಿದ್ದು.

ಪ್ರಶ್ನೆ: ಹಾಗಾದರೆ ಸ್ವಂತ ಕಟ್ಟಡದ ಕಂಪನಿಯೇ ಒಳ್ಳೆಯದಲ್ಲವೇ?
— ಓದುಗರು, ಹೊನ್ನಾವರ

ಉತ್ತರ: ಹಾಗೇನಿಲ್ಲ. ಡಿ-ಮಾರ್ಟ್ ಬಹುಪಾಲು ಮಳಿಗೆಗಳನ್ನು ಸ್ವಂತಕ್ಕೆ ಕೊಂಡೇ ಬೆಳೆದದ್ದು. ಬಾಡಿಗೆ ಹೊರೆ ಕಡಿಮೆ, ಆದರೆ ಪ್ರತಿ ಹೊಸ ಮಳಿಗೆಗೂ ದೊಡ್ಡ ಬಂಡವಾಳ ಬೇಕು. ಅದೇ ಕೆಲಸವನ್ನು ಬ್ಯಾಂಕ್ ಸಾಲದಿಂದ ಮಾಡುವ ಕಂಪನಿಗೆ ಬಾಡಿಗೆಯ ಜಾಗದಲ್ಲಿ ಕಂತು ಬಂದು ಕೂರುತ್ತದೆ. ಬಾಡಿಗೆ ಮಳಿಗೆಯಾದರೆ ವ್ಯಾಪಾರವಾಗದ ಊರಿನಿಂದ ಲಾಕ್-ಇನ್ ಮುಗಿದ ಮೇಲೆ ಎದ್ದು ಹೋಗಬಹುದು, ಸ್ವಂತದ್ದಾದರೆ ಮಾರಿಯೇ ಹೋಗಬೇಕು. ವಾರ್ಷಿಕ ವರದಿಯ ಕೊನೆಯ ಭಾಗದಲ್ಲಿ, ಮುಂದೆ ಕಟ್ಟಬೇಕಾದ ಲೀಸ್ ಮತ್ತು ಸಾಲದ ಮೊತ್ತವನ್ನು ಒಂದು ವರ್ಷದೊಳಗೆ, ಒಂದರಿಂದ ಐದು ವರ್ಷ, ಐದರ ಮೇಲೆ ಎಂದು ಹಂಚಿದ ಪಟ್ಟಿ ಇರುತ್ತದೆ. ಅವು ಇಂದಿನ ಬೆಲೆಗೆ ಇಳಿಸದ ಪೂರ್ತಿ ಮೊತ್ತಗಳು. ಎರಡು ಬಗೆಯ ಕಂಪನಿಗಳನ್ನು ಹೋಲಿಸಲು ಆ ಒಂದು ಪುಟದಿಂದ ಶುರು ಮಾಡಿ, ಮೊದಲ ಕಾಲಮ್ಮಿನ ಮೊತ್ತವನ್ನು ಕೈಯಲ್ಲಿರುವ ನಗದಿನ ಎದುರು ಇಟ್ಟು ನೋಡಿ.