ನಮ್ಮೂರ ಮಳಿ ಯಾವ ಸಮುದ್ರಕ್ಕ?

ಪ್ರಶ್ನೆ: ನದಿ ಬೆಟ್ಟದಾಗ ಹುಟ್ಟಿ ಸಮುದ್ರ ಸೇರತೈತಿ ಅಂತ ಮಗಳ ಪುಸ್ತಕದಾಗ ಐತ್ರಿ. ಹಂಗಾರ ನಮ್ಮ ಧಾರವಾಡದಾಗ ಬಿದ್ದ ಮಳಿ ಯಾವ ಸಮುದ್ರಕ್ಕ ಹೋಗತೈತಿ ಅಂತ ಕೇಳಿದ್ಲು, ನನಗ ಹೇಳಾಕ ಆಗಲಿಲ್ಲ.
– ಒಬ್ಬ ತಾಯಿ, ಧಾರವಾಡ

ಉತ್ತರ: ಎರಡೂ ಸಮುದ್ರಕ್ಕ ಹೋಗತೈತ್ರಿ ಅಕ್ಕಾರ! ಮಗಳು ಭಾಳ ಚಲೋ ಪ್ರಶ್ನಿ ಕೇಳ್ಯಾಳ. ಹುಬ್ಬಳ್ಳಿ-ಧಾರವಾಡ ಇರೋದ ನೀರು ಇಬ್ಭಾಗ ಆಗೋ ದಿಬ್ಬದ ಮ್ಯಾಲ. ಸೋಮೇಶ್ವರ ಗುಡಿ ಹತ್ರ ಹುಟ್ಟೋ ಶಾಲ್ಮಲಾ ಕಲಘಟಗಿ ಕಡೆ ಇಳದು ಬೇಡ್ತಿ ಹೊಳಿಗೆ ಕೂಡತೈತಿ (ಸಿರ್ಸಿ ಸಹಸ್ರಲಿಂಗದ ಶಾಲ್ಮಲಾ ಬ್ಯಾರೆ, ಭಾಳ ಮಂದಿ ಎರಡೂ ಒಂದ ಅಂತ ತಿಳ್ಕೊಂಡಾರ), ಆಮ್ಯಾಲ ಯಲ್ಲಾಪುರ ಹತ್ರ ಮಾಗೋಡದಾಗ ಸುಮಾರು 200 ಮೀಟರ್ ಕೆಳಗ ಧುಮುಕಿ, ಅಂಕೋಲಾ ಕಡೆ ಗಂಗಾವಳಿ ಅಂತ ಕರಿಸ್ಕೊಂಡು ಅರಬ್ಬಿ ಸಮುದ್ರ ಸೇರತೈತಿ. ಒಟ್ಟು ದಾರಿ ಸುಮಾರು 150-160 ಕಿಲೋಮೀಟರ್, ಅಷ್ಟ.

ದಿಬ್ಬದ ಈ ಕಡೆ, ಮೂಡಣಕ್ಕ ಬಿದ್ದ ಹನಿ ತುಪ್ಪರಿಹಳ್ಳಕ್ಕೋ ಬೆಣ್ಣಿಹಳ್ಳಕ್ಕೋ ಇಳದು, ಮಲಪ್ರಭಾ ಸೇರಿ, ಕೂಡಲಸಂಗಮದಾಗ ಕೃಷ್ಣಾದಾಗ ಬೆರತು, ರಾಯಚೂರು, ಶ್ರೀಶೈಲ, ವಿಜಯವಾಡ ಎಲ್ಲಾ ದಾಟಿ ಬಂಗಾಳ ಕೊಲ್ಲಿಗೆ ಹೋಗತೈತಿ. ಕೃಷ್ಣಾ ಒಂದ ಸುಮಾರು 1400 ಕಿಲೋಮೀಟರ್ ಹರೀತೈತಿ. ಅರಬ್ಬಿ ಸಮುದ್ರದಿಂದ ಬರೇ 64 ಕಿಲೋಮೀಟರ್ ದೂರದ ಮಹಾಬಳೇಶ್ವರದಾಗ ಹುಟ್ಟಿ ಅಷ್ಟು ದೂರ ಹೋಗತೈತಿ ಅಂದ್ರ ನನಗ ಇವತ್ತಿಗೂ ಬೆರಗ. ಕಾರಣ ಏನಂದ್ರ ಪ್ರಸ್ಥಭೂಮಿಯ ಪಡುವಣ ಅಂಚು ಎತ್ತರ, ಅಲ್ಲಿಂದ ನೆಲ ಮೂಡಣಕ್ಕ ನಿಧಾನ ಇಳೀತೈತಿ. ಪಡುವಣಕ್ಕ ಮಾತ್ರ ಘಟ್ಟ ಕಡದಂಗ ನಿಂತೈತಿ, ಅದಕ್ಕ ಆ ಕಡೆ ಹೊಳಿ ಸಣ್ಣವು, ರಭಸದವು, ಸಮುದ್ರ ಮುಟ್ಟೋವಾಗ ಅಳಿವೆ (ಹೊಳಿ ನೀರು, ಉಪ್ಪುನೀರು ಬೆರೆಯೋ ಅಗಲ ಬಾಯಿ) ಆಗತಾವ. ಕೃಷ್ಣಾ ಹಂಗಲ್ಲ, ದಾರಿ ತುಂಬ ಮಣ್ಣು ಹೊತ್ತು ಆಂಧ್ರದ ಕರಾವಳಿಗೆ ದೊಡ್ಡ ಮುಖಜ ಭೂಮಿ (ಹೊಳಿ ಬಾಯಾಗ ಹೂಳು ಕೂತು ಆದ ನೆಲ) ಮಾಡೇತಿ. ನಮ್ಮ ಎರಿಮಣ್ಣೂ (ಕರಿ ಮಣ್ಣು) ಅದರಾಗ ಐತ್ರಿ.

ಪ್ರಶ್ನೆ: ಬ್ಯಾಸಗ್ಯಾಗ ಒಣಗಿದ ಬೆಣ್ಣಿಹಳ್ಳ ಮಳಿಗಾಲದಾಗ ಊರಿಗೆ ನುಗ್ಗೋದ್ಯಾಕ?
– ಒಬ್ಬ ರೈತ, ನವಲಗುಂದ

ಉತ್ತರ: ಇಳಿಜಾರ ಕಡಿಮಿ ರೀ ಯಜಮಾನ್ರ, ನೀರು ಬಾಗಿ ಬಳಕಿ ಹೋಗತೈತಿ, ಜಲ್ದಿ ಮುಂದ ಸಾಗಂಗಿಲ್ಲ. ಎರಿ ನೆಲ ಒಮ್ಮೆ ತೊಯ್ದು ಉಬ್ಬಿದ್ರ ಮತ್ತ ನೀರು ಕುಡಿಯಂಗಿಲ್ಲ, ಎಲ್ಲಾ ಹಳ್ಳಕ್ಕ ಬರತೈತಿ. ಮ್ಯಾಲ ಪಾತ್ರದಾಗ ಹೂಳು, ಬಳ್ಳಾರಿ ಜಾಲಿ. ಯಮನೂರ ಕಡೆ ದಂಡಿ ಮ್ಯಾಲ ನಿಂತು ನೋಡಿದ್ರ ನಿಮಗ ಗೊತ್ತಾಗತೈತಿ, ಹಳ್ಳಕ್ಕ ಹರಿಯಾಕ ಜಾಗಾನ ಉಳದಿಲ್ಲ. ಹೂಳು ತಗಸ್ರಿ ಅಂತ ನೀವು ಕೇಳೋದು ನ್ಯಾಯಾನ ಐತಿ, ಮಳಿಗಾಲ ಮುಗದ ಕೂಡ್ಲೆ ಕೇಳ್ರಿ, ನೀರು ಬಂದಮ್ಯಾಲ ಯಾರ ಕೈಯಾಗೂ ಏನೂ ಆಗಂಗಿಲ್ಲ.