ಗೇಟು ಹುಡುಕಬೇಡಿ

ಧಾರವಾಡದಿಂದ ಭೌತಶಾಸ್ತ್ರದ ಪಿಎಚ್‌.ಡಿ.ಗೆಂದು ಜರ್ಮನಿಯ ಗಟ್ಟಿಂಗೆನ್ನಿಗೆ ಬರಲಿರುವ ನೀವು, ವಿಶ್ವವಿದ್ಯಾಲಯದ ಮುಖ್ಯ ಗೇಟು ರೈಲು ನಿಲ್ದಾಣದಿಂದ ಎಷ್ಟು ದೂರ, ಜರ್ಮನ್ ಬಾರದೆ ಅಲ್ಲಿ ಬದುಕಬಹುದೇ ಎಂದು ಕೇಳಿದ್ದೀರಿ. 1998ರ ಅಕ್ಟೋಬರಿನಲ್ಲಿ ಎರಡು ಸೂಟ್‌ಕೇಸು ಹಿಡಿದು ಇಳಿದ ನಾನೂ ಗೇಟನ್ನೇ ಹುಡುಕಿದ್ದೆ. ಗೇಟಿಲ್ಲ. ಇಂಗ್ಲೆಂಡಿನ ದೊರೆಯೂ ಹ್ಯಾನೋವರಿನ ಒಡೆಯನೂ ಆಗಿದ್ದ ಎರಡನೆಯ ಜಾರ್ಜ್ ಸ್ಥಾಪಿಸಿ, 1737ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯ ಊರೊಳಗೇ ಹರಡಿಕೊಂಡಿದೆ. ಯಾವ ವಿದ್ವಾಂಸರು ಯಾವ ಮನೆಯಲ್ಲಿದ್ದರೆಂದು ಗೋಡೆಯ ಫಲಕಗಳೇ ಹೇಳುತ್ತವೆ. ನಿಮ್ಮ ವಿಭಾಗ ಮಾತ್ರ ಉತ್ತರದ ಹೊಸ ಕ್ಯಾಂಪಸ್ಸಿನಲ್ಲಿದೆ, ಬಸ್ಸಿದೆ.

ಊರಿನ ಸ್ಮಶಾನದಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸಮಾಧಿಯನ್ನು ತಪ್ಪದೆ ನೋಡಿ. ಯೆಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಇಲ್ಲಿಯ ಹುದ್ದೆ ಕಳೆದುಕೊಂಡ ಅವರು, ಮುಂದೆ ರಾಮನ್ ಅವರ ಆಹ್ವಾನದ ಮೇಲೆ ಕೆಲವು ತಿಂಗಳು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದರು; 1970ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡರು. ಮನೆ ನೆನಪಾದಾಗ ನಾನು ಅಲ್ಲಿಗೆ ಹೋಗುತ್ತಿದ್ದೆ. ಬೆಂಗಳೂರು ಕಂಡವರು ನನಗೆ ಬೇರೆ ಯಾರೂ ಸಿಕ್ಕಿರಲಿಲ್ಲ.

ಜರ್ಮನ್ ಇಲ್ಲದೆ ಪ್ರಯೋಗಾಲಯದಲ್ಲಿ ಬದುಕಬಹುದು. ಊರಿನ ವಿಷಯ ಬೇರೆ. ಹಳೆಯ ಪುರಭವನದ ಮುಂದಿನ ಕಾರಂಜಿಯಲ್ಲಿ ಹೆಬ್ಬಾತು ಕಾಯುವ ಹುಡುಗಿಯ ಕಂಚಿನ ಪ್ರತಿಮೆಯಿದೆ, ಹೆಸರು ಗೆನ್ಸೆಲೀಸೆಲ್. ಪಿಎಚ್‌.ಡಿ. ಮೌಖಿಕ ಪರೀಕ್ಷೆ ಮುಗಿಸಿದವರನ್ನು ಗೆಳೆಯರು ಅಲಂಕರಿಸಿದ ಕೈಗಾಡಿಯಲ್ಲಿ ಎಳೆತರುತ್ತಾರೆ. ಅವರು ಕಾರಂಜಿ ಹತ್ತಿ, ಹೂವಿಟ್ಟು, ಅವಳಿಗೆ ಮುತ್ತಿಡಬೇಕು. 1926ರಲ್ಲಿ ಪೊಲೀಸರು ನಿಷೇಧಿಸಿದರೂ ನಿಲ್ಲದ ಪದ್ಧತಿಯಿದು. ನನ್ನ ಸರದಿ ಬಂದಾಗ, ಆ ಫೋಟೋ ಊರಿಗೆ ತಲುಪಿದರೆ ಅಪ್ಪ ಏನೆಂದಾರೋ ಎಂದು (ನಿಮಗೆ ಬಿಡಿಸಿ ಹೇಳಬೇಕಿಲ್ಲ) ಬೇಡವೆಂದೆ. ಪ್ರಯೋಗಾಲಯದಲ್ಲಿಯೇ ಕೇಕು ತಿಂದು ಸಂಜೆ ಕೋಣೆಗೆ ಮರಳಿದೆ. ಮನೆಯೊಡತಿ ವಯಸ್ಸಾದವರು, ನಾಲ್ಕು ವರ್ಷಗಳಲ್ಲಿ ಬಾಡಿಗೆ, ನಮಸ್ಕಾರಗಳಾಚೆ ನಾನು ಅವರೊಡನೆ ಮಾತಾಡಿರಲಿಲ್ಲ. ಪರೀಕ್ಷೆಯ ದಿನಾಂಕವನ್ನು ಅವರು ಯಾರಿಂದಲೋ ತಿಳಿದುಕೊಂಡು, ಸ್ವಂತ ತೋಟದ ಹೂವು ಕಟ್ಟಿಕೊಂಡು, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ, ಕಾರಂಜಿಯ ಬಳಿ ಎರಡು ಗಂಟೆ ಕಾದು ಹಿಂದಿರುಗಿದ್ದರು. ಬಾಗಿಲ ಬಳಿಯ ಬಕೆಟ್ಟಿನಲ್ಲಿ ಆ ಹೂವಿತ್ತು. ಕ್ಷಮೆ ಕೇಳಲು ನನಗೆ ಗೊತ್ತಿದ್ದುದು, ಬಸ್ಸಿನಲ್ಲಿ ಕಾಲು ತುಳಿದಾಗ ಹೇಳುವ ಒಂದೇ ಪದ. ಅದನ್ನೇ ಹೇಳಿದೆ.

ಕೋಣೆಯನ್ನು ಅಕ್ಟೋಬರಿಗೆ ಸಾಕಷ್ಟು ಮೊದಲೇ ಹುಡುಕಿಕೊಳ್ಳಿ. ವಿದ್ಯಾರ್ಥಿಗಳ ಊಟದ ಮನೆಯಲ್ಲಿ ಸಸ್ಯಾಹಾರ ಸಿಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ರಾತ್ರಿ ಬಂದಿಳಿದರೆ ನಮ್ಮ ಮನೆಗೆ ಬನ್ನಿ, ಅನ್ನ ಸಾರಿರುತ್ತದೆ. ರೊಟ್ಟಿ ಬೇಕೆಂದರೆ ಜೋಳದ ಹಿಟ್ಟನ್ನು ನೀವೇ ತರಬೇಕು.